ಕೈಗುಣ ಬೇಡದ ಬಿಲ್ಡ್

ಒಂದು ಕೆಲಸ ಒಬ್ಬರಿಂದ ಮಾತ್ರ ಆಗುತ್ತದೆ ಎಂದರೆ ನಾವು ಅದನ್ನು ಕೈಗುಣ ಎಂದು ಹೊಗಳುತ್ತೇವೆ. ನಮ್ಮ ಚಿಕ್ಕಮ್ಮನ ಮಿಡಿ ಉಪ್ಪಿನಕಾಯಿಗೆ ಕೈಗುಣ, ದನದ ಡಾಕ್ಟರ ಸೂಜಿಗೆ ಕೈಗುಣ. ಅಲ್ಲಿಯವರೆಗೆ ನನ್ನ ತಕರಾರಿಲ್ಲ. ಸಾಫ್ಟ್‌ವೇರಿಗೂ ಕೈಗುಣ ಬೇಕೆಂದರೆ ಮಾತ್ರ ಮೈ ಉರಿಯುತ್ತದೆ.

ಬಣಕಲ್‌ನಲ್ಲಿರುವ ನಮ್ಮ ಪುಟ್ಟ ಆಫೀಸು, ಎಸ್ಟೇಟುಗಳಲ್ಲಿ ಕುಯ್ದ ಕಾಫಿಹಣ್ಣಿನ ತೂಕ ಲೆಕ್ಕವಿಡುವ ಸಾಫ್ಟ್‌ವೇರ್ ಮಾಡುತ್ತದೆ. ನಾವು ಬರೆದ ಕೋಡೆಲ್ಲ ಸರ್ವರಿನ ರೆಪೊಸಿಟರಿಯಲ್ಲಿ, ಯಾರು ಯಾವಾಗ ಏನು ಬದಲಿಸಿದರು ಎಂಬ ದಾಖಲೆ ಸಮೇತ ಇರುತ್ತದೆ, ಇರಬೇಕು. ಅದರಿಂದ ಓಡುವ ಪ್ರೋಗ್ರಾಂ ಕಟ್ಟುವುದಕ್ಕೆ ಬಿಲ್ಡ್ ಎನ್ನುತ್ತೇವೆ. ಆ ಬಿಲ್ಡ್ ಆಗುತ್ತಿದ್ದದ್ದು ನಮ್ಮ ಹಿರಿಯ ಸಹೋದ್ಯೋಗಿ ರವಿಯಣ್ಣನ ಕಂಪ್ಯೂಟರಿನಲ್ಲಿ ಮಾತ್ರ. ಅವರು ಕಳಸಕ್ಕೆ ನೆಂಟರ ಮನೆಗೆ ಹೊರಟರೆ ಆಫೀಸೇ ಕೈಕಟ್ಟಿ ಕೂರಬೇಕು. ಹಾಗೆ ಹಾಳಾದ ದಿನಗಳನ್ನೆಲ್ಲ ಡೈರಿಯಿಂದ ತಾರೀಖು ಸಮೇತ ಓದಿ ಹೇಳಿ, ಮಾಲೀಕರಾದ ಇಮ್ತಿಯಾಜ್ ಸಾಹೇಬರಿಂದ ಒಂದು ಖಾಲಿ ಕಂಪ್ಯೂಟರ್ ಗಿಟ್ಟಿಸಿದೆ. ಅದು ಯಾರ ಕೈಯೂ ತಾಗದೆ, ರೆಪೊಸಿಟರಿಯಿಂದ ಕೋಡ್ ತೆಗೆದುಕೊಂಡು ತಾನೇ ಬಿಲ್ಡ್ ಮಾಡಬೇಕು. ಹಾಗೆ ಮಾಡಿಸುವ ಆದೇಶಗಳನ್ನೆಲ್ಲ ಒಂದು ಸ್ಕ್ರಿಪ್ಟಾಗಿ ಬರೆದು ಅದಕ್ಕೆ ಹಾಕಿದೆ. ಮಲ್ಲಂದೂರಿನ ಎಸ್ಟೇಟಿನಲ್ಲಿ ಸೋಮವಾರ ಕುಯ್ಲು ಶುರು. ಮೊದಲ ದಿನದ ಸಂಜೆಯ ತೂಕಕ್ಕೆ ಇದು ಒದಗದಿದ್ದರೆ ಹಳೆಯ ಪದ್ಧತಿಯೇ ಇರಲಿ ಎಂದರು ಸಾಹೇಬರು.

ಮೊದಲ ಬಿಲ್ಡ್ ಕೈಕೊಟ್ಟಿತು. ಎರಡನೆಯದೂ. ಬೇಕಾದ ಫೈಲುಗಳು ರವಿಯಣ್ಣನ ಕಂಪ್ಯೂಟರಿನಲ್ಲಿ, ಮಗಳ ಹುಟ್ಟುಹಬ್ಬದ ಫೋಟೊಗಳ ಜೊತೆ ಹಾಯಾಗಿದ್ದವು. ಕೇಳಿದರೆ, "ನನ್ನದ್ರಲ್ಲಿ ಓಡ್ತದಲ್ಲ ಮಾರಾಯ್ತಿ, ನಿನ್ನದಕ್ಕೆ ಎಂತ ದಾಡಿ?" ಅಂದರು. ಎಲ್ಲವನ್ನೂ ಹೆಕ್ಕಿ ರೆಪೊಸಿಟರಿಗೆ ಸೇರಿಸಿದ ಮೇಲೆ ಶನಿವಾರ ಬಿಲ್ಡ್ ಆಯಿತು.

ಸೋಮವಾರ ಬೆಳಿಗ್ಗೆಯೇ ಎಸ್ಟೇಟಿನ ಲೆಕ್ಕ ನೋಡುವ ರೈಟರ ಫೋನು. ಮೊದಲ ಚೀಲ ಇಟ್ಟು ನೋಡಿದರೆ ಹಣ್ಣಿನ ಜೊತೆ ಚೀಲದ ತೂಕವೂ ಲೆಕ್ಕಕ್ಕೆ ಬರುತ್ತಿದೆಯಂತೆ. ಹೋದ ವರ್ಷ ಸರಿ ಇತ್ತಲ್ಲ ಎಂದು ಅವರ ಆಕ್ಷೇಪ. ವಿಚಾರಿಸಿದರೆ, ಚೀಲದ ತೂಕ ಕಳೆಯುವ ಕೋಡಿನ ಸಾಲನ್ನು ರವಿಯಣ್ಣ ಆ ರೈಟರ ಜಗಲಿಯಲ್ಲೇ ಕಾಫಿ ಕುಡಿಯುತ್ತ ಬರೆದು, ಪೆನ್‌ಡ್ರೈವಿನಲ್ಲಿ ತಂದು ತಮ್ಮ ಕಂಪ್ಯೂಟರಿಗೆ ಹಾಕಿಕೊಂಡಿದ್ದರು. ರೆಪೊಸಿಟರಿಗೆ ಯಾಕೆ ಹಾಕಲಿಲ್ಲ ಎಂದೆ.

"ಕೇಳಿದ್ದು ಅವ್ರೊಬ್ರೇ. ಊರಿಗೆಲ್ಲ ಎಂತಕ್ಕೆ ಹೇಳದು?"

ನಾನು ಆ ಸಾಲನ್ನು ಸೇರಿಸಿದೆ. ಖಾಲಿ ಕಂಪ್ಯೂಟರ್ ತಾನಾಗಿ ಬಿಲ್ಡ್ ಮಾಡಿತು. ಸಂಜೆಯ ತೂಕ ಸರಿಯಾಗಿ ನಡೆಯಿತು. ಗೆದ್ದ ಹುರುಪಿನಲ್ಲಿ, ಸ್ವಂತ ಕಂಪ್ಯೂಟರಿನಲ್ಲಿ ಏನನ್ನೂ ಬಚ್ಚಿಡಬಾರದೆಂದು ಎಲ್ಲರಿಗೂ ಭಾಷಣ ಬಿಗಿದೆ. ಸಾಹೇಬರು ಮೆಚ್ಚಿ, ಮೂಡಿಗೆರೆಯ ಶಾಖೆಯಲ್ಲೂ ಇಂಥದ್ದೇ ಒಂದು ಮಾಡಿಬನ್ನಿ ಎಂದು ರವಿಯಣ್ಣನನ್ನು ಕಳಿಸಿದರು.

ಮರುದಿನ ಅಲ್ಲಿಂದ ಅವರ ಫೋನು. "ರೆಪೊಸಿಟರಿ ಪೂರಾ ಹುಡುಕಿದೆ. ಬಿಲ್ಡ್ ಮಾಡ್ಸೋ ಸ್ಕ್ರಿಪ್ಟು ಅಂತ ನೀನು ಬರ್ದಿದ್ದೀಯಲ್ಲ, ಅದು ಎಲ್ಲುಂಟು?"

ಅದು ನನ್ನ ಕಂಪ್ಯೂಟರಿನಲ್ಲಿತ್ತು. ಹಾಗೆಂದು ಹೇಳಿದೆ. ರವಿಯಣ್ಣ ನಗಲಿಲ್ಲ, ಹಂಗಿಸಲೂ ಇಲ್ಲ. ಕಳಿಸು ಎಂದಷ್ಟೇ ಹೇಳಿ ಫೋನಿಟ್ಟರು. ಅಂಥ ದೊಡ್ಡ ಮನಸ್ಸು ತೋರಿಸಿದ್ದಕ್ಕೆ ಅವರ ಮೇಲೆ ನನಗೆ ಇನ್ನೂ ಸಿಟ್ಟಿದೆ.