ಐಸ್ ಬೀಳದ ಫ್ರಿಜ್ಜೂ ನಮ್ಮೆಲ್ಲರ ಅಂಜಿಕೆಯೂ

ಫ್ರಿಜ್ ರಿಪೇರಿ ಮಾಡುವವನಿಗೆ ಒಳ್ಳೆಯ ಹತಾರಗಳು ಬೇಕು, ಸ್ವಲ್ಪ ಧೈರ್ಯವೂ ಬೇಕು. ಹತಾರಗಳು ನನ್ನ ಚೀಲದಲ್ಲಿವೆ. ನಾನು ನಾಯಿಗೆ ಅಂಜುತ್ತೇನೆ, ಹಾವಿಗೆ ಅಂಜುತ್ತೇನೆ, ರಕ್ತ ಕಂಡರೆ ತಲೆ ತಿರುಗುತ್ತದೆ. ಇಂಥವನು ನಾನೊಬ್ಬನೇ ಅಂದುಕೊಂಡಿದ್ದೆ. ಆದರೆ ಬಾಗಿಲಿಗೆ ಗ್ಲಾಸ್ ಒತ್ತಿದರೆ ಐಸ್ ಬೀಳುವ ದೊಡ್ಡ ಫ್ರಿಜ್ಜುಗಳು ನಮ್ಮ ಬೆಳಗಾವಿ ಕಡೆ ಬಂದ ಮೇಲೆ ಆ ಭ್ರಮೆ ಹೋಯಿತು. ಸಾದಾ ಫ್ರಿಜ್ ಕೆಟ್ಟರೆ ಮಂದಿಗೆ ಸಿಟ್ಟು ಬರುತ್ತದೆ. ಐಸಿನ ಫ್ರಿಜ್ಜಿನಿಂದ ಐಸ್ ಬೀಳದಿದ್ದರೆ ಮಾತ್ರ ಯಾಕೋ ಅಂಜಿಕೆ ಬರುತ್ತದೆ. ಹಾಲು ಕೆಟ್ಟಿತು ಅಂತ ಯಾರೂ ನನಗೆ ಫೋನ್ ಮಾಡಿ ಪಿಸುಗುಟ್ಟಿಲ್ಲ. ಐಸಿನ ಫ್ರಿಜ್ಜಿನವರು ಪಿಸುಗುಟ್ಟುತ್ತಲೇ ಇರುತ್ತಾರೆ.

ಒಳಗ ಯಾರೋ ಅದಾರ

ಮಹಾಂತೇಶ ನಗರದಲ್ಲಿ ಒಬ್ಬ ಅಕ್ಕೋರು, ಅಂದರೆ ಶಾಲೆಯಲ್ಲಿ ಕಲಿಸುವವರು, ಹೊಸ ಫ್ರಿಜ್ಜಿನಿಂದ ಐಸ್ ಬರುತ್ತಿಲ್ಲ ಎಂದು ಕರೆದಿದ್ದರು. ನಾನು ಹೋದಾಗ ಮಟಮಟ ಮಧ್ಯಾಹ್ನ. ಅಕ್ಕೋರು ಗೇಟಿನ ಹೊರಗೆ ನಿಂತಿದ್ದರು. ಮನೆಗೆ ಹೊರಗಿನಿಂದ ಚಿಲಕ ಹಾಕಿತ್ತು. ಬಾಜು ಮನೆಯ ಯಜಮಾನರು ಕೈಯಲ್ಲಿ ಕ್ರಿಕೆಟ್ ಬ್ಯಾಟ್ ಹಿಡಿದು ಕಾವಲಿದ್ದರು.

"ಒಳಗ ಯಾರೋ ಅದಾರ್ರಿ," ಅಂದರು ಅಕ್ಕೋರು. "ಅಡಿಗಿ ಮನ್ಯಾಗ ಆಗಾಗ ಧಡಲ್ ಅಂತ ಸಪ್ಪಳ ಆಗ್ತೇತಿ. ಹೋಗಿ ನೋಡಿದ್ರ ಯಾರೂ ಇರಂಗಿಲ್ಲ."

"ಪೊಲೀಸರಿಗೆ ಹೇಳಬೇಕಿತ್ರಿ," ಅಂದೆ.

"ಹೆಂಗೂ ನೀವು ಬಂದೀರಲ್ಲ," ಅಂದರು ಬ್ಯಾಟಿನವರು. "ನೀವು ಮುಂದ ನಡೀರಿ. ನಾ ಹಿಂದ ಅದೇನಿ."

ಅವರು ಹಿಂದೆ ಇದ್ದದ್ದು ಖರೇ. ಎಷ್ಟು ಹಿಂದೆ ಎಂಬುದು ನಾನು ಅಡುಗೆಮನೆ ಮುಟ್ಟಿ ತಿರುಗಿ ನೋಡಿದಾಗ ಗೊತ್ತಾಯಿತು. ಇನ್ನೂ ಗೇಟಿನ ಹತ್ತಿರವೇ ಇದ್ದರು. ಅಷ್ಟರಲ್ಲಿ ನನ್ನ ಕಿವಿಯ ಪಕ್ಕದಲ್ಲೇ ಧಡಲ್ ಅಂತು. ನಾನೂ ಗೇಟಿನ ಹತ್ತಿರ ಬಂದುಬಿಟ್ಟೆ.

ಉಸಿರು ಹತೋಟಿಗೆ ಬಂದ ಮೇಲೆ ವಿಷಯ ಹೊಳೆಯಿತು. ಫ್ರಿಜ್ಜಿನ ಒಳಗೆ ಐಸ್ ತಯಾರಾಗಿ ಡಬ್ಬಿಗೆ ಬೀಳುವ ಸಪ್ಪಳ ಅದು. ಫ್ರಿಜ್ಜಿನ ಬಾಗಿಲು ಒರೆಸುವಾಗ ಕೈ ತಾಗಿ ಲಾಕಿನ ಗುಂಡಿ ಒತ್ತಿಹೋಗಿತ್ತು. ಹಾಗಾಗಿ ಐಸ್ ಒಳಗೇ ಬೀಳುತ್ತಿತ್ತು, ಹೊರಗೆ ಬರುತ್ತಿರಲಿಲ್ಲ. ನಾನು ಮತ್ತೆ ಒಳಗೆ ಹೋಗಿ ಲಾಕ್ ತೆಗೆದು, ಅಕ್ಕೋರ ಕೈಗೆ ಗ್ಲಾಸ್ ಕೊಟ್ಟು, ಒತ್ತಿರಿ ಅಂದೆ. ಅಷ್ಟು ದಿನ ತಡೆದುಕೊಂಡಿದ್ದ ಐಸ್ ಗಡಗಡ ಸದ್ದು ಮಾಡುತ್ತ ಗ್ಲಾಸ್ ತುಂಬಿ, ನೆಲಕ್ಕೆ ಬಿದ್ದು, ಅಡುಗೆಮನೆ ತುಂಬ ಉರುಳಾಡಿತು. ಅಕ್ಕೋರು ಹೊಸ್ತಿಲಾಚೆ ಹೋಗಿ ನಿಂತರು.

"ಆ ಲಾಕ್ ಮತ್ತ ಹಾಕಿಬಿಡ್ರಿ," ಅಂದರು. "ಒಳಗಿದ್ದದ್ದು ಒಳಗ ಇರ್ಲಿ."

ಫ್ರಿಜ್ಜಿನ ಹಿಂದಿನ ಹಾವು

ಕಣಕುಂಬಿಯ ಹತ್ತಿರ, ಗೋವಾ ರಸ್ತೆಯ ಮೇಲೆ ಒಂದು ಖಾನಾವಳಿ. ಅಲ್ಲಿಯ ಅಡುಗೆಯವರು ಐಸ್ ಬರುತ್ತಿಲ್ಲ ಅಂತಷ್ಟೇ ಫೋನಿನಲ್ಲಿ ಹೇಳಿದ್ದರು. ಹೋದೆ. ನೀರಿನ ಪೈಪು ನೋಡೋಣವೆಂದು ಫ್ರಿಜ್ಜಿನ ಹಿಂದೆ ಕೈ ಹಾಕಿದೆ. ತಣ್ಣಗೆ, ನುಣ್ಣಗೆ ಏನೋ ಬೆರಳಿಗೆ ತಾಗಿ ಸರಿಯಿತು. ಜೊತೆಗೇ ಬುಸ್ ಅಂತು. ಅಲ್ಲಾನ ಹೆಸರು ನನ್ನ ಬಾಯಿಗೆ ಬರುವುದರೊಳಗೆ ನಾನು ಊಟದ ಟೇಬಲ್ ಹತ್ತಿ ನಿಂತಿದ್ದೆ.

ಅಡುಗೆಯವರು ಆಗಲೇ ಇನ್ನೊಂದು ಟೇಬಲ್ ಮೇಲಿದ್ದರು. "ನಿಮಗೂ ಸಿಕ್ತನ್ರಿ?" ಅಂದರು. "ನಿನ್ನೆ ನನಗೂ ಹಿಂಗ ಆತು."

"ಫೋನಿನ್ಯಾಗ ಹೇಳಬಾರದನ್ರಿ?"

"ಹೇಳಿದ್ರ ನೀವು ಬರ್ತಿದ್ರೇನು?"

ಟೇಬಲ್ ಮೇಲಿಂದಲೇ ಹಾವು ಹಿಡಿಯುವವರಿಗೆ ಫೋನ್ ಮಾಡಿದೆವು. ಅವರು ಉದ್ದನೆಯ ಬೂಟು ಹಾಕಿಕೊಂಡು, ಕಬ್ಬಿಣದ ಕೊಕ್ಕೆ ಹಿಡಿದು ಬಂದರು. ಎಂಥೆಂಥ ನಾಗರಹಾವು ಹಿಡಿದಿದ್ದೇನೆ ಎಂದು ಮೊದಲು ವಿವರವಾಗಿ ಹೇಳಿದರು. ಆಮೇಲೆ ಫ್ರಿಜ್ಜಿನ ಹಿಂದೆ ಕೊಕ್ಕೆ ಹಾಕಿ ಜೋರಾಗಿ ಜಗ್ಗಿದರು. ಬೆಳ್ಳಗಿನ ಉದ್ದನೆಯದೊಂದು ಸರ್ರನೆ ಹೊರಗೆ ಬಂದು, ತಲೆ ಎತ್ತಿ, ಅವರ ಮುಖಕ್ಕೆ ಸರಿಯಾಗಿ ಉಗುಳಿತು. ಕೊಕ್ಕೆ ಅಲ್ಲೇ ಬಿತ್ತು. ವಿಷ ಕಣ್ಣಿಗೆ ಬಿತ್ತು ಅನ್ನುತ್ತ ಅವರು ಓಡಿದ ಓಟ ರಸ್ತೆ ದಾಟಿದ ಮೇಲೇ ನಿಂತಿತು.

ಅದು ಫ್ರಿಜ್ಜಿಗೆ ನೀರು ಹೋಗುವ ಪೈಪು. ಗೋಡೆಗೆ ಒತ್ತಿ ಮಡಚಿಕೊಂಡು ನೀರು ಕಟ್ಟಿತ್ತು. ನೀರು ನುಸುಳಲಿಕ್ಕೆ ನೋಡಿದಾಗಲೆಲ್ಲ ಬುಸ್ ಅನ್ನುತ್ತಿತ್ತು. ಅವರು ಜಗ್ಗಿದ ಜೋರಿಗೆ ಮಡಿಕೆ ನೆಟ್ಟಗಾಯಿತು, ತುದಿಯೂ ಕಿತ್ತುಬಂತು. ನಾನು ಕೆಳಗಿಳಿದು ತುದಿ ಜೋಡಿಸಿದೆ. ಸಂಜೆ ಹೊತ್ತಿಗೆ ಐಸ್ ಬಿತ್ತು.

ಈಗಲೂ ಆ ಅಡುಗೆಯವರು ಗಿರಾಕಿಗಳಿಗೆ ಹೇಳುತ್ತಾರಂತೆ: "ಮೆಕ್ಯಾನಿಕ್ ಟೇಬಲ್ ಮ್ಯಾಲೆ ನಿಂತಿದ್ದ. ರಿಪೇರಿ ಮಾಡಿದ್ದು ಹಾವು ಹಿಡಿಯಾಂವ."

ಅಳಿಯಂದಿರ ಬೆರಳು

ಇದು ಖಾನಾಪುರದ ಮನೆ. ಫೋನ್ ಮಾಡಿದವರು ಮನೆಯ ಯಜಮಾನಿ.

"ನಮ್ಮ ಅಳಿಯಂದ್ರು ಫ್ರಿಜ್ಜಿನ್ಯಾಗ ಸಿಕ್ಕೊಂಡಾರ್ರಿ."

"ಪೂರ್ತಿ?" ಅಂದೆ.

"ಇಲ್ರಿ. ಎರಡ ಬೆರಳು."

ಮಗಳ ಮದುವೆಯಾದ ಮೇಲೆ ಅಳಿಯ ಮೊದಲ ಸಲ ಬಂದಿದ್ದ. ಐಸ್ ಬೀಳಲಿಲ್ಲ. ತಾನು ನೋಡುತ್ತೇನೆ ಅಂತ ಐಸ್ ಬೀಳುವ ಕಿಂಡಿಯಲ್ಲಿ ಕೆಳಗಿನಿಂದ ಬೆರಳು ತೂರಿಸಿದ್ದ. ಕಿಂಡಿಯ ಮುಚ್ಚಳ ಅವನ ಉಂಗುರಕ್ಕೆ ಸಿಕ್ಕಿಕೊಂಡಿತ್ತು. ಕೈ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

"ಒಳಗ ಐಸ್ ಪುಡಿ ಮಾಡೂ ಬ್ಲೇಡ್ ಐತಂತ್ರಿ," ಅಂದರು ಯಜಮಾನಿ. "ಅದು ತಿರುಗಿದ್ರ ಬೆರಳು ಹೋಗ್ತಾವಂತ. ಖರೇ ಏನ್ರಿ?"

ಅಂಥದ್ದು ಇರುವುದು ಖರೇ. ಗ್ಲಾಸ್ ಒತ್ತುವ ಜಾಗಕ್ಕೆ ಮಣಿಕಟ್ಟು ಒತ್ತಿದರೆ ಅದು ತಿರುಗುವುದೂ ಖರೇ. "ಮೊದಲ ಕರೆಂಟಿನ ಬಟನ್ ಬಂದ್ ಮಾಡ್ರಿ," ಅಂದೆ.

"ಬಟನ್ ಫ್ರಿಜ್ಜಿನ ಹಿಂದ ಐತ್ರಿ. ಫ್ರಿಜ್ ಸರಿಸಬೇಕಂದ್ರ ಅಳಿಯಂದ್ರನ್ನೂ ಸರಿಸಬೇಕು."

"ಹಂಗಾರ ಮನಿ ಮೇನ್ ಸ್ವಿಚ್ ಬಂದ್ ಮಾಡ್ರಿ. ನಾ ಬರೂತನಕ ಯಾರೂ ಎಳೀಬ್ಯಾಡ್ರಿ. ಅವ್ರು ಅಲ್ಲಾಡೂದೂ ಬ್ಯಾಡ."

ಫೋನಿನಲ್ಲೇ ಅವರು ಗಂಡನಿಗೆ ಹೇಳಿದ್ದು ಕೇಳಿತು. "ಬಂದ್ ಮಾಡೇನಿ," ಅಂತ ಮಾವನವರ ದನಿಯೂ ಕೇಳಿತು. ಆದರೂ ಖಾನಾಪುರ ಮುಟ್ಟುವ ತನಕ ನನ್ನ ಕಣ್ಣ ಮುಂದೆ ಬೆರಳುಗಳೇ. ಗಾಡಿಯ ಹ್ಯಾಂಡಲ್ ಹಿಡಿದ ನನ್ನ ಕೈಯನ್ನೇ ಆಗಾಗ ನೋಡಿಕೊಳ್ಳುತ್ತಿದ್ದೆ.

ಮನೆಯೊಳಗೆ ಲೈಟಿಲ್ಲ, ಫ್ಯಾನಿಲ್ಲ, ಮಾತಿಲ್ಲ. ಹೊಸ ಅಂಗಿ ಹಾಕಿಕೊಂಡ ಅಳಿಯ ಫ್ರಿಜ್ಜಿಗೆ ಕೆನ್ನೆ ಹಚ್ಚಿ ನಿಂತಿದ್ದ. ಹಣೆಯಿಂದ ಬೆವರು ಇಳಿಯುತ್ತಿತ್ತು. ಎಷ್ಟಾದರೂ ಅಳಿಯ, ಹಾಗೇ ನಿಲ್ಲಿಸಲಾಗುತ್ತದೆಯೇ? ಅತ್ತೆ ಚಮಚೆಯಿಂದ ಅವಲಕ್ಕಿ ತಿನ್ನಿಸುತ್ತಿದ್ದರು. ಹೆಂಡತಿ ಬೆನ್ನು ಸವರುತ್ತಿದ್ದಳು. ಮಾವ ಸ್ವಲ್ಪ ದೂರದಲ್ಲಿ ಕುರ್ಚಿ ಹಾಕಿಕೊಂಡು ಕಣ್ಣು ಮುಚ್ಚಿ ಕುಳಿತಿದ್ದರು.

"ಹಳೂಕ ಮಾತಾಡ್ರಿ," ಅಂದ ಅಳಿಯ, ತುಟಿ ಅಲ್ಲಾಡಿಸದೆ.

"ಅಂಜಬ್ಯಾಡ್ರಿ, ಕರೆಂಟೇ ಇಲ್ಲ," ಅಂದೆ. ನನಗೇ ಧೈರ್ಯ ಹೇಳಿಕೊಂಡಂತೆ. "ಈಗ ಬಾಗಿಲಾ ತೆಗೀತೇನಿ. ಬೆರಳು ಹೆಂಗ ಸಿಕ್ಕಾವು ಅಂತ ಒಳಗಿಂದ ನೋಡೂಣು. ಬಾಗಿಲಾ ಹೆಂಗ ಬರ್ತೇತಿ ಹಂಗ ನೀವೂ ಬರ್ರಿ."

ನಾನು ನಿಧಾನಕ್ಕೆ ಎಳೆದೆ. ಅಳಿಯ ಬಾಗಿಲಿನ ಜೊತೆ ಮೆಲ್ಲಮೆಲ್ಲಗೆ ಹೆಜ್ಜೆ ಇಡುತ್ತ ಬಂದ. ಅತ್ತೆ ಅವಲಕ್ಕಿ ಬಟ್ಟಲು ಹಿಡಿದು ಹಿಂದೆ ಬಂದರು. ಬಾಗಿಲು ಅರ್ಧ ತೆರೆಯಿತು.

ಫ್ರಿಜ್ಜಿನ ಒಳಗೆ ಝಗ್ ಅಂತ ಲೈಟ್ ಹತ್ತಿತು.

ನಾನು ಲೈಟ್ ನೋಡಿದೆ. ಅಳಿಯ ಲೈಟ್ ನೋಡಿದ. ಅವನ ಕೈ ಯಾವಾಗ ಹೊರಗೆ ಬಂತೋ ಯಾರಿಗೂ ಕಾಣಲಿಲ್ಲ. ಉಂಗುರ ಕಿಂಡಿಯಲ್ಲೇ ಉಳಿಯಿತು, ಅಳಿಯ ಅಂಗಳದಲ್ಲಿದ್ದ. ಬೆರಳು ಎರಡೂ ಇದ್ದವು, ತುಸು ತರಚಿತ್ತು ಅಷ್ಟೇ.

ಎಲ್ಲರೂ ಮಾವನವರ ಕಡೆ ತಿರುಗಿದರು.

"ಮೇನಿನ ಡಬ್ಬಿ ಮುಟ್ಟಾಕ ಅಂಜಿಕಿ ಆತು," ಅಂದರು ಅವರು. "ಅದಕ್ಕ ಲೈಟು, ಫ್ಯಾನು ಬಂದ್ ಮಾಡಿ ಕುಂತೇನಿ."

ಅತ್ತೆ ಬಟ್ಟಲು ಕೆಳಗಿಟ್ಟು ಬಾಯಿ ತೆರೆಯುವುದರೊಳಗೆ ಮಾವ ಎದ್ದು ನಿಂತು ಅಂದರು: "ಖರೇ ಬಂದ್ ಮಾಡಿದ್ದಿದ್ರ ಅವರ ಕೈ ಹೊರಗ ಬರ್ತಿತ್ತೇನು?"