ತಾಂಬೂಲದ ತಟ್ಟೆಗೆ ಬಂದ ರಬ್ಬರ್ ಮಾವು

ಮನುಷ್ಯನಿಗೆ ಒಂದಲ್ಲ ಒಂದು ಹುಚ್ಚು ಇರಬೇಕು ಎನ್ನುತ್ತಾರೆ. ಅಂಚೆಚೀಟಿ ಕೂಡಿಹಾಕುವವರಿಗೆ ಸಮಾಜದಲ್ಲಿ ಮರ್ಯಾದೆಯಿದೆ. ಹಳೆಯ ನಾಣ್ಯ ಕೂಡಿಹಾಕುವವರನ್ನು ಶಾಲೆಗೆ ಕರೆಸಿ ಭಾಷಣ ಮಾಡಿಸುತ್ತಾರೆ. ನನ್ನ ಹುಚ್ಚು ಮಾತ್ರ ನಾಲ್ಕು ಜನರ ಮುಂದೆ ಬಾಯಿಬಿಟ್ಟು ಹೇಳುವಂಥದ್ದಲ್ಲ. ಎಂಬತ್ತರ ದಶಕದಲ್ಲಿ, ಮೀಸೆ ನೆರೆಯುತ್ತಿದ್ದ ಕಾಲದಲ್ಲಿ, ನಾನು ರಬ್ಬರ್ ಕೂಡಿಹಾಕುತ್ತಿದ್ದೆ. ಪೆನ್ಸಿಲ್ ಬರಹ ಅಳಿಸುವ ರಬ್ಬರ್. ಆನೆಯದು, ರೈಲಿನದು, ಟೋಪಿ ಹಾಕಿದ ಕೋತಿಯದು. ಮುಳಬಾಗಿಲಿನ ನಮ್ಮ ಕಚೇರಿಯಲ್ಲಿ ಬರೆಯುವುದೆಲ್ಲ ಇಂಕಿನಲ್ಲಿ, ಆದ್ದರಿಂದ ನನ್ನ ಗುಮಾಸ್ತಗಿರಿಗೂ ಈ ರಬ್ಬರುಗಳಿಗೂ ಯಾವ ಸಂಬಂಧವೂ ಇರಲಿಲ್ಲ. ನಾನು ಅವುಗಳಿಂದ ಒಂದಕ್ಷರ ಅಳಿಸಿದವನಲ್ಲ. ನೆಂಟರ ಮಗುವೊಂದು ಆನೆಯ ಸೊಂಡಿಲಿನಿಂದ ಮಗ್ಗಿ ಅಳಿಸಿದ ದಿನ ನನಗೆ ಊಟ ಸೇರಿರಲಿಲ್ಲ.

ಇವುಗಳಲ್ಲೆಲ್ಲ ನನ್ನ ಪ್ರಾಣವೆಂದರೆ ಒಂದು ಮಾವಿನಹಣ್ಣು. ಅಂಗೈ ತುಂಬುವಷ್ಟು ದೊಡ್ಡದು, ಹಳದಿ ಮೈ, ಕೆಂಪೇರಿದ ಕೆನ್ನೆ, ಮೂಸಿದರೆ ಘಮ್ಮೆನ್ನುವ ವಾಸನೆ. ಬೆಂಗಳೂರಿನ ಫ್ಯಾನ್ಸಿ ಅಂಗಡಿಯಲ್ಲಿ ಅದನ್ನು ಕಂಡ ದಿನ ನಾನು ಕೊಳ್ಳಲು ಹೋಗಿದ್ದ ಪ್ರೆಷರ್ ಕುಕ್ಕರನ್ನು ಮರೆತೇಬಿಟ್ಟೆ. ಮನೆಯಲ್ಲಿ ಆಮೇಲೆ ನಡೆದದ್ದು ಇಲ್ಲಿಗೆ ಬೇಡ.

ಆ ವರ್ಷ ದೀಪಾವಳಿ ಕಳೆದ ಮೇಲೆ ನನ್ನ ತಂಗಿ ಸರೋಜಳನ್ನು ನೋಡಲು ಶ್ರೀನಿವಾಸಪುರದಿಂದ ಗಂಡಿನ ಕಡೆಯವರು ಬಂದರು. ಹುಡುಗ ಮೇಷ್ಟರು. ಅವನ ತಂದೆ ವೆಂಕಟರಾಮಪ್ಪನವರು ಮಾವಿನ ಮಂಡಿಯ ಯಜಮಾನರು. ಉಪ್ಪಿಟ್ಟು ತಿಂದರು, ಕಾಫಿ ಕುಡಿದರು, “ಊರಿಗೆ ಹೋಗಿ ಕಾಗದ ಬರೀತೀವಿ” ಎಂದರು. ಹಾಗೆ ಹೇಳಿ ಹೋದ ಯಾರೂ ಅದುವರೆಗೆ ನಮಗೆ ಕಾಗದ ಬರೆದದ್ದಿಲ್ಲ. ಸರೋಜಳ ಮುಖ ಬಾಡಿತು.

ಬಂದವರನ್ನು ಬರಿಗೈಲಿ ಕಳಿಸಬಾರದೆಂದು ಅಮ್ಮ ತಾಂಬೂಲ ತಂದಳು. ತಟ್ಟೆಯಲ್ಲಿ ಎಲೆ, ಅಡಿಕೆ, ಪಕ್ಕದಲ್ಲಿ ನನ್ನ ಮಾವಿನಹಣ್ಣು! ಅಮ್ಮನ ಕಣ್ಣಿಗೆ ಪೊರೆ ಬಂದಿತ್ತು. ಮಂಡಿಯವರು ಬರುತ್ತಾರೆಂದು ಮಗ ಅಕಾಲದಲ್ಲಿ ಎಲ್ಲಿಂದಲೋ ಹಣ್ಣು ತಂದು ಬೀರುವಿನಲ್ಲಿಟ್ಟಿದ್ದಾನೆ ಎಂದುಕೊಂಡಳಂತೆ.

ವೆಂಕಟರಾಮಪ್ಪನವರು ಹಣ್ಣನ್ನು ಮೂಸಿದರು. ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದರು. “ಅಬ್ಬಬ್ಬ, ಏಮಿ ವಾಸನ! ಕಾರ್ತೀಕದಾಗೆ ಮಾವಾ? ಎಲ್ಲಿ ಹಿಡಿದ್ರಿ ಸ್ವಾಮಿ ಇದನ್ನ?” ಎಂದು ತೊಟ್ಟಿನ ಬಳಿ ಹೆಬ್ಬೆರಳಿನಿಂದ ಒತ್ತಿದರು. ಒತ್ತಿದ ಜಾಗ ಪುಟಕ್ಕನೆ ಮೇಲೆದ್ದಿತು. “ಕಾಯಿ ಚೆನ್ನಾಗಿ ಬಲಿತೈತೆ. ಹುಲ್ಲಲ್ಲಿ ಇಟ್ರೆ ಹಣ್ಣಾಗ್ತೈತೆ” ಎಂದು ತೀರ್ಪು ಕೊಟ್ಟರು.

ನಾನು ಬಾಯಿ ತೆರೆದೆ. ಬಾಗಿಲ ಸಂದಿಯಿಂದ ಸರೋಜ ಕಣ್ಣಲ್ಲೇ ನನ್ನನ್ನು ಸುಟ್ಟಳು. ಬಾಯಿ ಮುಚ್ಚಿದೆ.

“ಅಕಾಲದಲ್ಲಿ ಫಲ ಕೈಗೆ ಬಂದೈತೆ ಅಂದ್ರೆ ದೇವರು ಹೂಂ ಅಂದ ಹಾಗೆ. ಕಾಗದ ಗೀಗದ ಯಾಕೆ? ಈಗಲೇ ತಾಂಬೂಲ ಬದಲಾಯಿಸಿಬಿಡೋಣ” ಎಂದರು ಅವರು. ಅಮ್ಮ ಆನಂದಬಾಷ್ಪ ಸುರಿಸಿದಳು. ನನ್ನ ಕಣ್ಣಲ್ಲೂ ನೀರು ಬಂತು. ತಂಗಿಯ ಮೇಲೆ ಎಷ್ಟು ಪ್ರೀತಿ ನೋಡಿ ಎಂದು ಎಲ್ಲರೂ ಮೆಚ್ಚಿಕೊಂಡರು. ಹಣ್ಣು ಬೀಗರ ಜುಬ್ಬದ ಜೇಬಿನಲ್ಲಿ ಕುಳಿತು ಬಸ್ಸು ಹತ್ತಿತು.

ಮದುವೆ ಚೆನ್ನಾಗಿಯೇ ಆಯಿತು. ಹಣ್ಣು ಮಾತ್ರ ಹುಲ್ಲಿನಲ್ಲಿ ಹಣ್ಣಾಗಲಿಲ್ಲ, ಕೊಳೆಯಲೂ ಇಲ್ಲ. ಅದು ರಬ್ಬರೆಂದು ವೆಂಕಟರಾಮಪ್ಪನವರಿಗೆ ತಿಳಿಯದೆ ಇರುತ್ತದೆಯೇ? ಆದರೆ ಮಂಡಿಯ ಯಜಮಾನರು ರಬ್ಬರನ್ನು ಮಾವೆಂದು ತೀರ್ಪು ಕೊಟ್ಟದ್ದು ಹೊರಗೆ ಬಿದ್ದರೆ ಮಂಡಿಯಲ್ಲಿ ಮುಖ ಎತ್ತುವುದು ಹೇಗೆ? ಅವರು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಕೊಳೆಯದ ಫಲವೆಂದು ಸಾರಿ, ಗಲ್ಲಾಪೆಟ್ಟಿಗೆಯ ಮೇಲೆ ಪ್ರತಿಷ್ಠೆ ಮಾಡಿದರು. ತೋಟದವರು ಮೊದಲ ಗಾಡಿ ಕಾಯಿ ಇಳಿಸುವ ಮುಂಚೆ ಅದಕ್ಕೆ ಕೈಮುಗಿಯುತ್ತಿದ್ದರು. ನಾನೂ ಮುಗಿದೆ. ಮುಟ್ಟಲು ಕೈಚಾಚಿದರೆ, “ಮಡಿಯಾಗಿ ಬರ್ರಿ ಬೀಗರೇ” ಎಂದರು.

ತಂಗಿಯ ಯೋಗಕ್ಷೇಮದ ನೆಪದಲ್ಲಿ ನಾನು ಶ್ರೀನಿವಾಸಪುರಕ್ಕೆ ಹೋಗುವುದು ಹೆಚ್ಚಾಯಿತು. ಒಂದು ದಿನ ಬಸ್ ನಿಲ್ದಾಣಕ್ಕೆ ಕಳಿಸಲು ಬಂದ ಸರೋಜಳನ್ನು, “ಹೇಗಾದ್ರೂ ಮಾಡಿ ಅದನ್ನ ಕೊಡಿಸೇ” ಎಂದು ಅಂಗಲಾಚಿದೆ.

“ಅಣ್ಣಾ, ಬೇಕಿದ್ರೆ ನನ್ನನ್ನ ವಾಪಸ್ ಕರ್ಕೊಂಡು ಹೋಗು, ಮಾವ ಬಿಟ್ರೂ ಬಿಡ್ತಾರೆ. ಅದನ್ನ ಮಾತ್ರ ಬಿಡಲ್ಲ ಕಣೋ” ಎಂದಳು ಅವಳು.

“ಛೆ, ಎಂಥಾ ಮಾತೇ ಇದು” ಎಂದು ನಾನು ಆ ಕ್ಷಣವೇ ಗದರಬೇಕಿತ್ತು. ಮುಳಬಾಗಿಲು ಬಸ್ಸು ಬಂದು ನಿಲ್ಲುವ ತನಕ ಯೋಚಿಸುತ್ತ ನಿಂತಿದ್ದೆ.