ದೂರಕ್ಕೆ ಮೌಲಾಲಿ, ಹತ್ತಿರಕ್ಕೆ ಶಮಶಾದ

ಉಟಗಿಯ ಬಸ್‌ಸ್ಟ್ಯಾಂಡಿನ ಎದುರು ಹತ್ತಿಯ ಗಾದಿ ಮಾಡಿ ಮಾರುವ ಮೌಲಾಲಿಗೆ ಒಂದೇ ಕೊರಗು. ಹತ್ತಿ ಹಿಂಜುವವನು ಅವನು, ಮೂಗಿಗೆಲ್ಲ ಅರಳೆ ತುಂಬಿಕೊಂಡು ದಿನವಿಡೀ ಸೀನುವವನೂ ಅವನೇ. ಊರವರ ಬಾಯಲ್ಲಿ ಮಾತ್ರ ಅಂಗಡಿ ಅವನ ಹೆಂಡತಿಯದು, 'ಶಮಶಾದಬಿ ಅಂಗಡಿ'. (ಗಾದಿ ಯಾವತ್ತು ಸಿಗುತ್ತದೆಂದು ಗಿರಾಕಿ ಕೇಳಿದರೆ, "ತಡೀರಿ, ಮನ್ಯಾಗ ಕೇಳಿ ಹೇಳ್ತೀನಿ" ಎನ್ನುವುದು ಅವನ ಚಟ. ಅದಕ್ಕೂ ಇದಕ್ಕೂ ಸಂಬಂಧವಿರಬಹುದೆಂದು ಪಾಪ, ಅವನಿಗೆ ಹೊಳೆದಿರಲಿಲ್ಲ.)

ಅಂಗಡಿಗೊಂದು ಬ್ಯಾನರ್ ಹಾಕಿಸಿ, ಅದರಲ್ಲಿ ತನ್ನ ಮುಖಾರವಿಂದವೊಂದೇ ಮೀಸೆ ಸಮೇತ ರಾರಾಜಿಸಬೇಕೆಂದು ಅವನು ಪಣ ತೊಟ್ಟ.

"ಗಾದಿ ಹೊಲಿಯಾಕಿ ನಾ, ಫೋಟೋ ನಿಮ್ದಾ? ಹಚ್ಚಿ ನೋಡ್ರಿ!" ಎಂದಳು ಹೆಂಡತಿ ಶಮಶಾದ.

ದಾರಿ ತೋರಿಸಿದವಳು ಜತ್ತದ ಕಾಲೇಜಿಗೆ ಹೋಗುವ ಮಗಳು ಮೆಹನಾಜ. ಅವಳ ಮೊಬೈಲಿನಲ್ಲೊಂದು ಚಿತ್ರವಿತ್ತು. ಹತ್ತಿರ ಹಿಡಿದರೆ ಬೆಕ್ಕು, ದೂರ ಹಿಡಿದರೆ ನಾಯಿ! ಮೌಲಾಲಿ ಕೂತಲ್ಲೇ ಪುಳಕಿತನಾದ. ಶಮಶಾದ ಹೊಲಿಯುತ್ತ ಕೂರುವುದು ಬ್ಯಾನರಿನ ಬುಡದಲ್ಲೇ, ಅವಳಿಗೆ ಅವಳೇ ಕಾಣಲಿ. ರಸ್ತೆಯಾಚೆ ಚಹಾದಂಗಡಿಯಲ್ಲಿ ನೆರೆಯುವ ಸಮಸ್ತ ಉಟಗಿಗೆ ತಾನು ಕಾಣಲಿ.

ಮಗಳು ಇಬ್ಬರ ಫೋಟೋ ಕೂಡಿಸಿ ಅದೇ ರೀತಿ ಮಾಡಿಸಿ ತಂದಳು, ಬ್ಯಾನರ್ ಏರಿತು. ಶಮಶಾದ ಕತ್ತೆತ್ತಿ ನೋಡಿ, "ಅಯ್ಯ, ನನ್ನ ಫೋಟೋನ ಹಾಕ್ಸ್ಯಾರ!" ಎಂದು ಸಂತೋಷಕ್ಕೆ ಸಿರಾ ಮಾಡಿದಳು. ಮೌಲಾಲಿ ಅದನ್ನು ಕೇಳಿ ಕೇಳಿ ಹಾಕಿಸಿಕೊಂಡು ತಿಂದ. ಆಮೇಲೆ ರಸ್ತೆ ದಾಟಿ ಹೋಗಿ, ಚಹಾ ಹೀರುತ್ತ ತನ್ನ ಮೀಸೆಯನ್ನು ತಾನೇ ಕಣ್ತುಂಬ ನೋಡಿದ.

ಶಮಶಾದ ರಸ್ತೆಯಾಚೆಯಿಂದ ನೋಡುವ ತನಕ ಎಲ್ಲ ಕ್ಷೇಮವಾಗಿತ್ತು. ಅಂಗಡಿ ಬಾಗಿಲಿಗೇ ಬಂದ ಜೀಪು ಹತ್ತಿ ಕುಣಿಕೋಣೂರಿನ ತವರಿಗೆ ಹೋದವಳು, ಮರುದಿನ ಎಸ್‌ಟಿ ಬಸ್ಸಿನಲ್ಲಿ ಬಂದು ಚಹಾದಂಗಡಿಯ ಮುಂದೆಯೇ ಇಳಿದಳು. ಕತ್ತೆತ್ತಿದರೆ ಎದುರಿಗೆ ಮೀಸೆ! ಅಲ್ಲೇ ಚಹಾ ಹೀರುತ್ತಿದ್ದ ಮೌಲಾಲಿ ಕಪ್ಪಿನ ಹಿಂದೆ ಮುಖ ಮರೆಸಿಕೊಂಡ. ಅವಳು ಬ್ಯಾನರಿನ ಹತ್ತಿರ ನಡೆದಳು. ಮೀಸೆ ಮಾಯವಾಗಿ ಅವಳದೇ ಮೂಗುಬೊಟ್ಟು ಕಾಣಿಸಿತು. ಚಹಾದಂಗಡಿಯ ತನಕ ಹಿಂದೆ ಸರಿದಳು, ಮತ್ತೆ ಮೀಸೆ.

"ಸಿಟ್ಟ ಬಂತೇನ?" ಎಂದ ಮೌಲಾಲಿ ಮೆಲ್ಲಗೆ.

"ಯಾಕ ಬರ್ಲಿ? ಇಷ್ಟ ಖರೇ ಫೋಟೋ ನಾ ಎಲ್ಲೂ ನೋಡಿಲ್ಲ. ದೂರಿಂದ ನೋಡಿದವರಿಗೆ ನೀವ ಮಾಲಕರು. ಹತ್ತರ ಬಂದವರಿಗೆ ನಾನ. ಇರ್ಲಿ ಬಿಡ್ರಿ!"

ನಗುತ್ತ, ಅವನ ಹೆಗಲಿಗಂಟಿದ್ದ ಅರಳೆಯನ್ನು ಬಿಡಿಸಿ ಅವಳು ಅಂಗಡಿಗೆ ಹೋದಳು. ಈ ಹೆಂಗಸಿನ ಮೇಲೆ ಮೌಲಾಲಿಗೆ ವಿಪರೀತ ಪ್ರೀತಿ ಉಕ್ಕಿತು (ಸ್ವಲ್ಪ ಸಿಟ್ಟೂ). ಆದರೆ ಚಹಾದಂಗಡಿ ತುಂಬ ಜನ ಕಿಸಿಕಿಸಿ ನಗುತ್ತಿದ್ದರು. ಮಾನದ ಪ್ರಶ್ನೆ! ಅವನು ಮೀಸೆ ತಿರುವಿದ.

"ಹತ್ತರೇನ, ದೂರೇನ? ಮಾಲಕ ಎಲ್ಲಿ ನಿಂತ್ರೂ ಮಾಲಕನ!"

"ಭಾಳ ಚಲೋ ಆತು," ಎಂದ ಅಲ್ಲೇ ಚಹಾ ಕುಡಿಯುತ್ತಿದ್ದ ರೈತ ಶ್ರೀಶೈಲಪ್ಪ. "ಮಗಳ ಲಗ್ನಕ್ಕ ಗಾದಿ ಬೇಕಾಗ್ಯಾವು. ಯಾವತ್ತ ಕೊಡ್ತೀರಿ, ಮಾಲಕ್ರ?"

ಮೌಲಾಲಿ ಕಪ್ಪು ಕೆಳಗಿಟ್ಟು ಎದ್ದು ನಿಂತ.

"ತಡೀರಿ," ಎಂದ ಗತ್ತಿನಿಂದ, "ಮನ್ಯಾಗ ಕೇಳಿ ಹೇಳ್ತೀನಿ."